ಪ್ರವಾಸದ ಚೀಲವೂ ಇಚ್ಛಾಪರಿಮಾಣವೂ

ಶ್ರಾವಕನ ಪಂಚಾಣುವ್ರತಗಳಲ್ಲಿ ಕಡೆಯದಾದ ಪರಿಗ್ರಹ ಪರಿಮಾಣ ವ್ರತಕ್ಕೆ ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಈ ಎರಡನೆಯ ಹೆಸರು ಅರ್ಥಗರ್ಭಿತವಾದುದು. ಎಣಿಸುವುದು ವಸ್ತುಗಳನ್ನು, ಮಿತಿಗೊಳ್ಳಬೇಕಾದುದು ಇಚ್ಛೆ. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ ಮೊದಲಾದ ಬಾಹ್ಯ ಪರಿಗ್ರಹಗಳಿಗೆ ಹಿಂದಿನ ಗೃಹಸ್ಥರು ಗುರುಸಾಕ್ಷಿಯಾಗಿ ಎಲ್ಲೆ ಹಾಕಿಕೊಳ್ಳುತ್ತಿದ್ದರು. ಹೊಲವಿಷ್ಟು, ಮನೆಯಿಷ್ಟು, ಬಂಗಾರವಿಷ್ಟು ಎಂದು ಹೇಳುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವು ಕಣ್ಣಿಗೆ ಕಾಣುವ, ಲೆಕ್ಕಕ್ಕೆ ಸಿಗುವ ವಸ್ತುಗಳು.

ಇಂದಿನ ಗೃಹಸ್ಥನ ಪರಿಗ್ರಹದಲ್ಲಿ ಲೆಕ್ಕಕ್ಕೆ ಸಿಗದೆ ಜಾರಿಹೋಗುವ ಒಂದು ಭಾಗವಿದೆ. ಅದು ಅವನ ಪ್ರವಾಸದ ಚೀಲದೊಳಗಿನದು. ಉದ್ಯೋಗದ ನಿಮಿತ್ತ ಊರೂರು ತಿರುಗುವವನ ಕೈಯಲ್ಲಿ ಈಗ ಟ್ಯಾಬ್ಲೆಟ್ ಎಂಬ ಹಲಗೆಯಂಥ ಯಂತ್ರವಿರುತ್ತದೆ. ಯಂತ್ರ ಒಂದೇ, ಅದರ ಪರಿವಾರ ದೊಡ್ಡದು. ಕವರು, ಕೀಬೋರ್ಡು, ಬರೆಯುವ ಪೆನ್ನು, ಚಾರ್ಜರು, ಬಗೆಬಗೆಯ ಕೇಬಲ್ಲುಗಳು, ಪವರ್ ಬ್ಯಾಂಕು, ಇಯರ್‌ಫೋನು, ನಿಲ್ಲಿಸುವ ಸ್ಟ್ಯಾಂಡು ಹೀಗೆ ಒಂದರ ಹಿಂದೊಂದು ಬಂದು ಸೇರುತ್ತವೆ. ಯಾವುದರ ಬೆಲೆಯೂ ವ್ರತಕ್ಕೆ ಭಂಗ ತರುವಷ್ಟು ದೊಡ್ಡದಲ್ಲ. ಆದಕಾರಣ ಯಾವುದನ್ನೂ ಯಾರೂ ಎಣಿಸುವುದಿಲ್ಲ. ಇವುಗಳಲ್ಲಿ ಉಪಕರಣವೆನಿಸುವುದು ಯಾವುದು, ಪರಿಗ್ರಹವೆನಿಸುವುದು ಯಾವುದು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪೂರ್ವಪಕ್ಷ

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಮೂರ್ಛೆ ಎಂಬ ಪದದಿಂದ ತಿಳಿಸಿದ್ದಾರೆ. ಎಂದರೆ ವಸ್ತುವಿನಲ್ಲಿ ನನ್ನದೆಂಬ ಮಮತ್ವ. ಹಾಗಾದರೆ ಮಮತ್ವವಿಲ್ಲದೆ ಹತ್ತು ಕೇಬಲ್ಲುಗಳನ್ನಿಟ್ಟುಕೊಂಡವನು ಅಪರಿಗ್ರಹಿಯೂ, ಇರುವ ಒಂದರಲ್ಲೇ ಮನಸ್ಸಿಟ್ಟವನು ಪರಿಗ್ರಹಿಯೂ ಆಗಬೇಕಲ್ಲವೆ? ಚೀಲದೊಳಗಿನ ಚಿಲ್ಲರೆ ವಸ್ತುಗಳನ್ನು ಎಣಿಸುವುದು ಧರ್ಮವನ್ನು ಅಂಗಡಿಯ ಲೆಕ್ಕವಾಗಿ ಮಾಡಿದಂತಲ್ಲವೆ?

ಈ ಆಕ್ಷೇಪವು ಅರ್ಧ ಸತ್ಯವಾದುದು. ಮಮತ್ವವೇ ಪರಿಗ್ರಹವೆಂಬುದು ನಿಜ. ಆದರೆ ಮೂರ್ಛೆ ಹೋದವನಿಗೆ ತಾನು ಮೂರ್ಛಿತನೆಂಬುದು ತಿಳಿಯುವುದುಂಟೆ? ಪಕ್ಕದಲ್ಲಿರುವವನು ನಾಡಿ ನೋಡಿ ಹೇಳಬೇಕು. ಅಂತರಂಗದ ಮೂರ್ಛೆಗೆ ಹೊರಗಿನ ಎಣಿಕೆಯೇ ನಾಡಿ. ತನಗೆ ಯಾವುದರಲ್ಲಿಯೂ ಆಸೆಯಿಲ್ಲವೆನ್ನುವವನು ಚೀಲದಿಂದ ಒಂದು ವಸ್ತುವನ್ನು ತೆಗೆದು ಮನೆಯಲ್ಲಿಟ್ಟು ಹೊರಡಲಿ. ಆಗ ಮನಸ್ಸಿನಲ್ಲಿ ಏಳುವ ಚಡಪಡಿಕೆಯೇ ಅವನ ಇಚ್ಛೆಯ ಅಳತೆ.

ಇನ್ನೊಂದು ಕಡೆಯ ದೋಷವೂ ಇದೆ. ಏನನ್ನೂ ಒಯ್ಯದೆ ಹೊರಟು, ಹೋದ ಮನೆಯಲ್ಲೆಲ್ಲ ಚಾರ್ಜರು ಕೇಳುವವನ ಸರಳತೆಯು ನೆರೆಯವರ ಪರಿಗ್ರಹದ ಮೇಲೆ ನಿಂತಿರುತ್ತದೆ. ತನ್ನ ಚೀಲ ಹಗುರವಾಗಲೆಂದು ಇತರರಿಗೆ ತೊಂದರೆ ಕೊಡುವುದು, ಒಪ್ಪಿಕೊಂಡ ಕೆಲಸಕ್ಕೆ ಸಾಧನವಿಲ್ಲದೆ ಕೈಚೆಲ್ಲುವುದು ಅಪರಿಗ್ರಹವಲ್ಲ, ಪ್ರಮಾದ.

ಉಪಕರಣದ ಲಕ್ಷಣ

ಸರ್ವಸಂಗ ಪರಿತ್ಯಾಗಿಗಳಾದ ದಿಗಂಬರ ಮುನಿಗಳ ಬಳಿಯೂ ಮೂರು ಉಪಕರಣಗಳಿರುತ್ತವೆ. ಪಿಂಛಿಯು ಸಂಯಮೋಪಕರಣ, ಕಮಂಡಲುವು ಶೌಚೋಪಕರಣ, ಶಾಸ್ತ್ರವು ಜ್ಞಾನೋಪಕರಣ. ಪ್ರತಿಯೊಂದರ ಹೆಸರಿನಲ್ಲಿಯೇ ಅದರ ಪ್ರಯೋಜನವು ಅಡಗಿದೆಯೆಂಬುದನ್ನು ಗಮನಿಸಬೇಕು. ಮುನಿಗಳ ಮಿತಿಯು ಗೃಹಸ್ಥನ ಮಿತಿಯಲ್ಲ. ಆದರೆ ಅವರ ಮಾನದಂಡವನ್ನು ಅವನು ಎರವಲು ಪಡೆಯಬಹುದು. ಯಾವ ಕಾರ್ಯಕ್ಕೆಂದು ಒಂದೇ ಮಾತಿನಲ್ಲಿ ಹೇಳಬಲ್ಲ ವಸ್ತುವು ಉಪಕರಣ. ಇರಲಿ, ಎಂದಾದರೂ ಬೇಕಾದೀತು ಎಂಬ ಉತ್ತರವನ್ನು ಹೊರಡಿಸುವ ವಸ್ತುವು ಪರಿಗ್ರಹ.

ತಾಳೆಗರಿಯ ಗ್ರಂಥಗಳಲ್ಲಿ ಈ ವಿವೇಕವು ಎದ್ದು ಕಾಣುತ್ತದೆ. ಧವಲಾದಿ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳನ್ನು ಮೂಡಬಿದಿರೆಯು ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದು ಸರ್ವವಿದಿತ. ಓಲೆಯ ಕಟ್ಟಿಗಿದ್ದ ಪರಿಕರಗಳೆಷ್ಟು? ಮೇಲೆ ಕೆಳಗೆ ಎರಡು ಹಲಗೆ, ರಂಧ್ರದಲ್ಲಿ ಹಾಯುವ ದಾರ, ಸುತ್ತಲು ಒಂದು ವಸ್ತ್ರ, ಬರೆಯಲು ಕಬ್ಬಿಣದ ಕಂಟ. ಹಲಗೆಯು ಬಾಗದಂತೆ, ದಾರವು ಚದುರದಂತೆ, ವಸ್ತ್ರವು ಧೂಳು ತಾಗದಂತೆ ಕಾಯುತ್ತಿದ್ದವು. ಒಂದನ್ನು ತೆಗೆದರೆ ಗ್ರಂಥಕ್ಕೆ ಹಾನಿ. ಇನ್ನೊಂದನ್ನು ಸೇರಿಸಿದರೆ ಹೊರುವವನಿಗೆ ಹೊರೆ.

ಆಯ್ಕೆಯ ವಿವೇಕ

ಬೆಳಗಾವಿಯ ಕಡೆಯ ಒಬ್ಬ ಬಟ್ಟೆಯ ವ್ಯಾಪಾರಿಯು ನಾಲ್ಕು ದಿನಗಳ ಮಟ್ಟಿಗೆ ಮುಂಬಯಿಗೆ ಹೊರಟಿದ್ದಾನೆಂದು ಇಟ್ಟುಕೊಳ್ಳಬಹುದು. ಅವನು ಟ್ಯಾಬ್ಲೆಟ್ಟಿನಲ್ಲಿ ಮಾಲಿನ ಚಿತ್ರಗಳನ್ನು ತೋರಿಸಬೇಕು, ದರಪಟ್ಟಿ ಕಳುಹಿಸಬೇಕು, ಒಪ್ಪಿಗೆಯ ಸಹಿ ಪಡೆಯಬೇಕು. ಈ ಮೂರು ಕಾರ್ಯಗಳನ್ನು ಮುಂದಿಟ್ಟುಕೊಂಡು ಅವನು ಆರಿಸಬೇಕಾದುದು ನ್ಯಾಯ.

ಮೊದಲನೆಯದು ಕವರು. ಹಿಂದಕ್ಕೆ ಮಡಚಿದರೆ ತಾನೇ ನಿಲುವಾಗುವ ಕವರಿದ್ದರೆ ಪ್ರತ್ಯೇಕ ಸ್ಟ್ಯಾಂಡು ಬೇಡ. ಇಲ್ಲಿ ಅಹಿಂಸೆಯ ವಿಚಾರವೂ ಸೇರುತ್ತದೆ. ಚರ್ಮದ ಕವರನ್ನು ಬಸದಿಗೆ ಒಯ್ಯಲಾಗದೆಂಬುದು ಇರಲಿ, ಮನೆಗೂ ತರಬಾರದು. ಬಟ್ಟೆಯದೋ ಸಿಲಿಕೋನಿನದೋ ಆದ ಕವರುಗಳು ಸುಲಭವಾಗಿ ಸಿಗುವಾಗ ಪ್ರಾಣಿಯ ತೊಗಲಿಗೆ ಯಾವ ನೆಪವೂ ಉಳಿಯುವುದಿಲ್ಲ. ಹೊರಗಿನ ನೋಟವನ್ನು ನಂಬದೆ, ಯಾವ ವಸ್ತುವಿನಿಂದ ಮಾಡಿದುದೆಂದು ಚೀಟಿಯನ್ನು ಓದಿಯೇ ಕೊಳ್ಳಬೇಕು.

ಎರಡನೆಯದು ಬರೆಯುವ ಸಾಧನ. ದೀರ್ಘವಾದ ವರದಿಗಳನ್ನು ಬರೆಯುವವನಿಗೆ ಕೀಬೋರ್ಡು ಉಪಕರಣ. ಸಹಿ ಪಡೆಯುವ ವ್ಯಾಪಾರಿಗೆ ಪೆನ್ನು ಸಾಕು, ಕೆಲವೊಮ್ಮೆ ಬೆರಳೇ ಸಾಕು. ಬ್ಯಾಟರಿಯುಳ್ಳ ಪೆನ್ನುಗಳಲ್ಲಿ ಹಲವು ಆಯಾ ಯಂತ್ರಕ್ಕೆ ಮಾತ್ರ ಹೊಂದುವಂಥವು; ಯಂತ್ರ ಬದಲಾದರೆ ಪೆನ್ನು ನಿರುಪಯೋಗಿಯಾಗುತ್ತದೆ. ಎರಡನ್ನೂ ಹೊತ್ತವನು ತನ್ನ ಕೆಲಸ ಯಾವುದೆಂದು ನಿರ್ಧರಿಸಿಲ್ಲವೆಂದೇ ಅರ್ಥ.

ಮೂರನೆಯದು ಚಾರ್ಜರು. ಹಿಂದೆ ಒಂದೊಂದು ಯಂತ್ರಕ್ಕೆ ಒಂದೊಂದು ಬಗೆಯ ತುದಿಯಿದ್ದು ಹೆಚ್ಚು ಚಾರ್ಜರುಗಳು ಅನಿವಾರ್ಯವಾಗಿದ್ದವು. ಈಗ ಟೈಪ್-ಸಿ ಎಂಬ ಒಂದೇ ಬಗೆಯ ತುದಿಯು ವ್ಯಾಪಕವಾಗಿದೆ. ಐರೋಪ್ಯ ಒಕ್ಕೂಟವು 2022ರಲ್ಲಿ ಕಾಯಿದೆ ಮಾಡಿ, 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರಾಟಕ್ಕೆ ಬರುವ ಹೊಸ ಮೊಬೈಲುಗಳಿಗೂ ಟ್ಯಾಬ್ಲೆಟ್ಟುಗಳಿಗೂ ಇದನ್ನೇ ಕಡ್ಡಾಯಗೊಳಿಸಿತು. ಎರಡು ರಂಧ್ರಗಳುಳ್ಳ ಒಂದೇ ಚಾರ್ಜರು ಮೊಬೈಲಿಗೂ ಟ್ಯಾಬ್ಲೆಟ್ಟಿಗೂ ಸಾಕಾಗುತ್ತದೆ. ವಿದೇಶಕ್ಕೆ ಹೋಗುವವನು ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ಎಂದು ನೋಡಿಕೊಂಡರೆ ಆಯಿತು. ಹಾಗಿದ್ದರೆ ಆಯಾ ದೇಶದ ಪ್ಲಗ್ಗಿಗೆ ಹೊಂದುವ ಒಂದು ಚಿಕ್ಕ ತುಂಡಿನ ಹೊರತು ಬೇರೇನೂ ಬೇಡ.

ನಾಲ್ಕನೆಯದು ಪವರ್ ಬ್ಯಾಂಕು. ಇದರಲ್ಲಿಯೇ ಭಯವು ಹೆಚ್ಚಾಗಿ ವಾಸಿಸುತ್ತದೆ. ಮಿಲಿಆಂಪಿಯರ್ ಸಂಖ್ಯೆಯನ್ನು ಸಾವಿರದಿಂದ ಭಾಗಿಸಿ 3.7ರಿಂದ ಗುಣಿಸಿದರೆ ಅದರ ಶಕ್ತಿಯು ವ್ಯಾಟ್-ಗಂಟೆಗಳಲ್ಲಿ ದೊರೆಯುತ್ತದೆ. ಅದರಂತೆ 10,000ದ್ದು 37, 20,000ದ್ದು 74 ವ್ಯಾಟ್-ಗಂಟೆಗಳಾಗುತ್ತವೆ. ಸಾಮಾನ್ಯ ಟ್ಯಾಬ್ಲೆಟ್ಟಿನ ಬ್ಯಾಟರಿಯು ಸುಮಾರು 30 ವ್ಯಾಟ್-ಗಂಟೆಯದು. ನಡುವೆ ಆಗುವ ನಷ್ಟವನ್ನು ಕಳೆದರೂ ಚಿಕ್ಕದೇ ಅದನ್ನು ಹೆಚ್ಚುಕಡಮೆ ಒಮ್ಮೆ ತುಂಬಿಸಬಲ್ಲದು. ವಿಮಾನದಲ್ಲಿ ಇದನ್ನು ಜೊತೆಯ ಕೈಚೀಲದಲ್ಲಿಯೇ ಒಯ್ಯಬೇಕು, ಸಾಮಾನಿನ ಪೆಟ್ಟಿಗೆಗೆ ಹಾಕಕೂಡದು. 100 ವ್ಯಾಟ್-ಗಂಟೆಯವರೆಗೆ ಅನುಮತಿ ಬೇಡ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕೂ ಮೀರಿದುದು ನಿಷಿದ್ಧ. ಲಿಥಿಯಂ ಬ್ಯಾಟರಿಗೆ ಬೆಂಕಿ ತಗುಲಿದರೆ ಜನರ ಕಣ್ಣೆದುರಿಗಿರುವಲ್ಲಿ ನಂದಿಸಬಹುದು, ಕೆಳಗಿನ ಉಗ್ರಾಣದಲ್ಲಿ ಅದು ದುಸ್ಸಾಧ್ಯವೆಂಬುದೇ ಈ ನಿಯಮದ ಕಾರಣ. ಇದನ್ನು ಮೀರುವವನು ಸಹಪ್ರಯಾಣಿಕರ ಪ್ರಾಣದ ವಿಷಯದಲ್ಲಿ ಪ್ರಮತ್ತನಾಗುತ್ತಾನೆ.

ಐದು ಅತಿಚಾರಗಳು

ಸಮಂತಭದ್ರಾಚಾರ್ಯರು ಈ ವ್ರತಕ್ಕೆ ಹೇಳಿರುವ ಅತಿಚಾರಗಳು ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ ಎಂಬಿವು. ಎತ್ತುಗಳನ್ನೂ ಧಾನ್ಯದ ಕಣಜವನ್ನೂ ಕುರಿತು ವಿವರಿಸಲ್ಪಟ್ಟ ಇವು ಇಂದಿನ ಚೀಲಕ್ಕೂ ಅನ್ವಯಿಸುತ್ತವೆ. ಬೇಕಾದೀತೆಂದು ಕೂಡಿಡುವುದು ಅತಿಸಂಗ್ರಹ. ಸಹೋದ್ಯೋಗಿಯ ಮೇಜಿನ ಮೇಲಿನ ಹೊಸ ಸಾಧನವನ್ನು ಕಂಡು ಬೆರಗಾಗಿ ಮನಸ್ಸು ಕೆಡಿಸಿಕೊಳ್ಳುವುದು ಅತಿವಿಸ್ಮಯ. ಇರುವುದು ಕೆಲಸಕ್ಕೆ ಬರುತ್ತಿದ್ದರೂ ಇನ್ನೂ ಒಳ್ಳೆಯದನ್ನು ಬಯಸುವುದು ಅತಿಲೋಭ. ಹೆಗಲು ನೋಯುವಷ್ಟು ತುಂಬಿಕೊಳ್ಳುವುದು, ಅದಕ್ಕಿಂತ ಹೆಚ್ಚಾಗಿ ಕೂಲಿಯವನ ಹೆಗಲಿಗೆ ಅದನ್ನು ದಾಟಿಸುವುದು ಅತಿಭಾರವಹನ.

ಉಳಿದ ಅತಿವಾಹನವು ಗಂಭೀರವಾದುದು. ಲೋಭದಿಂದ ಎತ್ತನ್ನು ಅದರ ಶಕ್ತಿಗೆ ಮೀರಿ ನಡೆಸುವುದೇ ಅತಿವಾಹನ. ರೈಲಿನಲ್ಲಿಯೂ ಊಟದ ಹೊತ್ತಿನಲ್ಲಿಯೂ ನಡುರಾತ್ರಿಯಲ್ಲಿಯೂ ಕೆಲಸ ನಡೆಯುವಂತೆ ಸಕಲ ಪರಿಕರಗಳನ್ನೂ ಕೂಡಿಸಿಕೊಂಡವನು ಯಾರನ್ನು ನಡೆಸುತ್ತಿದ್ದಾನೆ? ನೊಗಕ್ಕೆ ಕಟ್ಟಲ್ಪಟ್ಟವನು ತಾನೇ; ಆ ಅಪರಾತ್ರಿಯಲ್ಲಿ ಉತ್ತರ ಕೊಡಬೇಕಾದ ಗುಮಾಸ್ತನು ಇನ್ನೊಂದು ಎತ್ತು. ಹೀಗಾಗಿ ಸಾಧನಗಳ ಮಿತಿಯು ಕೆಲಸದ ವೇಳೆಯ ಮಿತಿಯೂ ಆಗುತ್ತದೆ.

ಹೆಚ್ಚುವರಿಯ ಪ್ರಶ್ನೆ

ಹಾಗಾದರೆ ಹೆಚ್ಚುವರಿ ಕೇಬಲ್ ಒಂದನ್ನು ಇಟ್ಟುಕೊಳ್ಳುವುದು ದೋಷವೆ? ಇದಕ್ಕೆ ಒಂದೇ ಉತ್ತರವಿಲ್ಲ. ವಸ್ತುವು ಕೆಟ್ಟರೆ ತೊಂದರೆ ಯಾರಿಗೆ ಎಂದು ಕೇಳಿಕೊಳ್ಳಬೇಕು. ರೋಗಿಗಳ ವಿವರಗಳನ್ನು ಟ್ಯಾಬ್ಲೆಟ್ಟಿನಲ್ಲಿ ಒಯ್ಯುವ ವೈದ್ಯನ ಕೇಬಲ್ ಕೆಟ್ಟರೆ ಕಷ್ಟವು ರೋಗಿಗೆ. ಅವನ ಪಾಲಿಗೆ ಎರಡನೆಯ ಕೇಬಲ್ಲೂ ಉಪಕರಣವೇ. ಪ್ರಯಾಣದಲ್ಲಿ ಚಲನಚಿತ್ರ ನೋಡುವವನ ಕೇಬಲ್ ಕೆಟ್ಟರೆ ಅವನಿಗೆ ಎರಡು ಗಂಟೆಗಳ ಬೇಸರ ಮಾತ್ರ. ಆ ಬೇಸರಕ್ಕೆ ಹೆದರಿ ಹೊತ್ತ ಹೊರೆಯು ಪರಿಗ್ರಹ. ವಸ್ತು ಒಂದೇ, ಸಂಖ್ಯೆ ಒಂದೇ. ಪರರ ಹಿತಕ್ಕಾಗಿ ಹೊತ್ತುದೋ ತನ್ನ ಅಳುಕಿಗಾಗಿ ಹೊತ್ತುದೋ ಎಂಬುದೇ ಭೇದ. ಎಣಿಕೆಯ ಫಲವಿದು: ಎಣಿಸಹೊರಟವನಿಗೆ ತನ್ನ ಭಯವು ಯಾವ ರೂಪದಲ್ಲಿದೆಯೆಂದು ಗೋಚರಿಸುತ್ತದೆ.

ಇಡುವುದು, ತೆಗೆಯುವುದು

ವಸ್ತುಗಳನ್ನು ನೋಡಿ ತೆಗೆದುಕೊಳ್ಳುವುದನ್ನೂ ನೋಡಿ ಇಡುವುದನ್ನೂ ಆದಾನನಿಕ್ಷೇಪಣ ಸಮಿತಿಯೆಂದು ಆಗಮವು ಹೇಳುತ್ತದೆ. ಅಹಿಂಸಾವ್ರತದ ಭಾವನೆಗಳಲ್ಲಿ ಅದೂ ಒಂದು. ಚೀಲದ ವ್ಯವಸ್ಥೆಗೂ ಇದೇ ತಳಹದಿ. ಪರಿಕರಗಳಿಗೆಲ್ಲ ಒಂದೇ ಚಿಕ್ಕ ಚೀಲವಿರಲಿ, ಅದರ ಗಾತ್ರವೇ ಪರಿಮಾಣವಾಗಲಿ. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಕೇಬಲ್ಲನ್ನು ಸಡಿಲವಾಗಿ ಸುತ್ತಿ, ಪೆನ್ನು ಪರದೆಗೆ ತಾಗದಂತೆ ಬೇರೆ ಅರೆಯಲ್ಲಿಡಬೇಕು. ಹೊರಡುವಾಗಲೂ ತಂಗಿದ ಕೊಠಡಿಯನ್ನು ಬಿಡುವಾಗಲೂ ಎಣಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಎಲ್ಲವನ್ನೂ ಹೊರತೆಗೆದು ಮೃದುವಾಗಿ ಝಾಡಿಸಿದರೆ ಮೂಲೆಯಲ್ಲಿ ಸೇರಿದ ಸೂಕ್ಷ್ಮ ಜೀವಿಗಳಿಗೂ ರಕ್ಷಣೆ.

ಹೊರಗೆ ಹೋದ ವಸ್ತುವಿನ ಗತಿಯೇನೆಂಬುದನ್ನೂ ಯೋಚಿಸಬೇಕು. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್; ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದಾಗಿ ದಾಖಲಾದುದು ಶೇಕಡ 22.3 ಮಾತ್ರ. ಕೆಲಸಕ್ಕೆ ಬರುವ ಕೇಬಲ್ಲನ್ನು ಓದುವ ಮಕ್ಕಳಿಗೆ ಕೊಡುವುದು, ಕೆಟ್ಟುದನ್ನು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವುದು ಲೇಸು. ಕಸದ ಬುಟ್ಟಿಗೆ ಎಸೆಯುವುದು ತ್ಯಾಗವೆನಿಸದು.

ಮರ್ಯಾದೆ

ಜೈನ ಗೃಹಿಣಿಯರಿಗೆ ಮಿತಿಯ ಪಾಠವನ್ನು ಯಾರೂ ಕಲಿಸಬೇಕಾಗಿಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮರ್ಯಾದೆಯೆಂದು ಅವರು ಬಲ್ಲರು. ಪ್ರವಾಸದ ಬುತ್ತಿಯನ್ನು ಅದರಂತೆಯೇ ಕಟ್ಟುತ್ತಾರೆ. ಹಿಟ್ಟು ಕೆಡುವುದರಿಂದ ಅದರ ಮರ್ಯಾದೆಯನ್ನು ಕಾಲವೇ ನೆನಪಿಸುತ್ತದೆ. ಚಾರ್ಜರು ಹಳಸುವುದಿಲ್ಲ, ಕೇಬಲ್ಲಿಗೆ ಹುಳು ಬೀಳುವುದಿಲ್ಲ. ಆದುದರಿಂದ ಇವುಗಳ ಮರ್ಯಾದೆಯನ್ನು ಮನುಷ್ಯನೇ ಗೊತ್ತುಮಾಡಿಕೊಳ್ಳಬೇಕು.

ಯಾವಜ್ಜೀವ ಪಾಲಿಸುವುದನ್ನು ಯಮವೆಂದೂ ಕಾಲಮಿತಿಯುಳ್ಳುದನ್ನು ನಿಯಮವೆಂದೂ ಆಚಾರ್ಯರು ವಿಭಾಗಿಸಿದ್ದಾರೆ. ಯಮಕ್ಕೆ ಅಂಜುವವರು ನಿಯಮದಿಂದ ಆರಂಭಿಸಬಹುದು. ಒಂದು ಚಾತುರ್ಮಾಸದವರೆಗೆ ಯಾವ ಹೊಸ ಪರಿಕರವನ್ನೂ ಕೊಳ್ಳೆನೆಂಬುದು ಒಂದು ನಿಯಮ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಂದು ಆಹಾರದೊಡನೆ ಯಂತ್ರವನ್ನೂ ಅದರ ಪರಿವಾರವನ್ನೂ ಮುಚ್ಚಿಡುವುದು ಇನ್ನೊಂದು. ಉಪವಾಸದ ದಿನ ಹೊಟ್ಟೆಯ ಹಸಿವನ್ನು ಸಹಿಸಿದವರು, ಪರದೆ ಕಾಣದೆ ಏಳುವ ಮನಸ್ಸಿನ ಹಸಿವನ್ನೂ ಅಂದೇ ಗುರುತಿಸಬಹುದು. ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಪೂಜೆ ಮುಗಿಸಿ ಮನೆಗೆ ಬಂದ ಶ್ರಾವಕನು ತನ್ನ ಪ್ರವಾಸದ ಚೀಲವನ್ನು ಮನೆಯವರೆಲ್ಲರ ಎದುರಿಗೆ ಬಿಚ್ಚಿ, ಒಂದೊಂದು ವಸ್ತುವಿನ ಕಾರ್ಯವನ್ನು ಹೇಳಲಿ. ಹೇಳಲು ಬಾರದುದನ್ನು ಅಂದೇ ಬದಿಗಿಡಲಿ. ಪೂಜೆಯಲ್ಲಿ ನುಡಿದ ಆಕಿಂಚನ್ಯವು ಅಷ್ಟರ ಮಟ್ಟಿಗೆ ಆಚರಣೆಗೆ ಬಂದಂತಾಗುವುದು.