ಬೆಟ್ಟಕ್ಕೆ ಬಾಗಿಲು ಉಂಟೇ?

ದೇವರ ಬೆಟ್ಟಕ್ಕೆ ಹೋಗಲು ಇನ್ನೊಬ್ಬರ ಅಪ್ಪಣೆ ಬೇಕೇ? ನಮ್ಮ ಮನೆಯಲ್ಲೇ ಎದ್ದ ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ನಾವು ಹಲಸೂರಿನವರು. ಆಡಿ ಕೃತ್ತಿಕೆಗೆ ಕಾವಡಿ ಹೊತ್ತು ಹೋಗುವವರನ್ನು ನೋಡುತ್ತಲೇ ಬೆಳೆದವರಿಗೆ ಸುಬ್ರಹ್ಮಣ್ಯಸ್ವಾಮಿ ಮನೆಯ ಹಿರಿಮಗನಿದ್ದಂತೆ. ಅಕ್ಕ ಕೆ.ಆರ್.ಪುರದಲ್ಲಿದ್ದಾಳೆ. ಟಿನ್ ಫ್ಯಾಕ್ಟರಿ ಹತ್ತಿರ ಸ್ಕೂಟರಿನಿಂದ ಬಿದ್ದು ಅವಳ ಮಗನ ಕಾಲು ಮುರಿದಿತ್ತು; ಮತ್ತೆ ಸರಿಯಾಗಿ ನಡೆಯುವುದೇ ಅನುಮಾನ ಎಂದಿದ್ದರು. ಆಗ ಅಕ್ಕ, ಮಗ ಎದ್ದು ಓಡಾಡಿದರೆ ಕುಮಾರ ಪರ್ವತ ಹತ್ತಿ ಬರುತ್ತೇನೆಂದು ಹರಕೆ ಹೊತ್ತಳು. ಅವನು ಎದ್ದ, ಓಡಾಡಿದ. ಎರಡು ವರ್ಷ ಕಳೆದ ಮೇಲೆ ಹೊರಡುವ ಮಾತಾಯಿತು. ಅಕ್ಕ, ಅವಳ ಮಗ, ಇಂದಿರಾನಗರದ ಆಫೀಸಿನ ಅವನ ಇಬ್ಬರು ಗೆಳೆಯರು, ನನ್ನ ಮಗಳು, ನಾನು. ಒಟ್ಟು ಆರು ಜನ.

ಹಿಂದೆಲ್ಲ ಇಂಥ ಪ್ರಯಾಣಕ್ಕೆ ತಯಾರಿ ಅಂತ ಏನಿರುತ್ತಿತ್ತು? ಚಿತ್ರಾನ್ನದ ಬುತ್ತಿ ಕಟ್ಟಿ, ಶಿವಾಜಿನಗರದಿಂದ ಸಿಟಿ ಬಸ್ಸಲ್ಲಿ ಮೆಜೆಸ್ಟಿಕ್ಕು, ಅಲ್ಲಿಂದ ರಾತ್ರಿ ಬಸ್ಸು, ಬೆಳಿಗ್ಗೆ ಕುಕ್ಕೆ. ಕುಮಾರಧಾರೆಯಲ್ಲಿ ಮುಳುಗೆದ್ದು ಕೋಲು ಹಿಡಿದು ಹೊರಟರೆ ಆಯಿತು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಬಿಸಿ ಅನ್ನ ಸಾರು ಉಂಡ ನೆನಪು ಈ ದಾರಿ ತುಳಿದ ಎಷ್ಟೋ ಜನರಿಗಿದೆ. ಈಗ, 2023ರ ಅಕ್ಟೋಬರಿನಿಂದೀಚೆಗೆ, ಕೆ.ಆರ್.ಪುರದಲ್ಲಿ ಮೆಟ್ರೋ ಹತ್ತಿದರೆ ಇಳಿಯುವುದು ಮೆಜೆಸ್ಟಿಕ್ಕಿನಲ್ಲೇ. ಮೆಜೆಸ್ಟಿಕ್ ಹತ್ತಿರವಾಯಿತು, ಬೆಟ್ಟ ಮಾತ್ರ ದೂರವಾಯಿತು ಅಂತ ಅಕ್ಕ ನಗುತ್ತಾಳೆ.

ದೂರವಾದದ್ದಕ್ಕೆ ಕಾರಣವಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಟ್ಟಿಗೆ ಆ ಬೆಟ್ಟಕ್ಕೆ ನುಗ್ಗಿದರು. 1712 ಮೀಟರ್ ಎತ್ತರದ ಶಿಖರಕ್ಕೆ ಹೋಗುವ ಕಾಲುದಾರಿಯಲ್ಲಿ ಜಾತ್ರೆಯಂತೆ ಸಾಲು ನಿಂತ ಚಿತ್ರ ಎಲ್ಲೆಡೆ ಹರಿದಾಡಿತು. ಸರ್ಕಾರ ಕೆಲಕಾಲ ಚಾರಣವನ್ನೇ ನಿಲ್ಲಿಸಿ, ಆಮೇಲೆ ಆನ್‌ಲೈನ್ ಟಿಕೆಟ್ ತಂದು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು.

ನಮಗೆ ಬೇಕಾದ ದಿನಕ್ಕೆ ಉಳಿದದ್ದು ನಾಲ್ಕೇ ಜಾಗ.

"ಅಂಕಲ್, ಕತ್ತಲಲ್ಲೇ ಹತ್ತಿಬಿಟ್ರೆ ಯಾರ್ ನೋಡ್ತಾರೆ?" ಅಂದ ಗೆಳೆಯರಲ್ಲಿ ಒಬ್ಬ. ಸುಳ್ಳು ಹೇಳಲಾರೆ, ನನಗೂ ಅದು ಸರಿ ಅನ್ನಿಸಿತು. ಮೋಜಿಗೆ ಹೋಗುವವರಿಗೆ ತಡೆ ಇರಲಿ, ಹರಕೆ ತೀರಿಸುವವರಿಗೆ ಯಾಕೆ? ನಾವಿಬ್ಬರು ಹೆಚ್ಚಾದರೆ ಬೆಟ್ಟವೇನು ಕುಸಿಯುತ್ತದೆಯೇ?

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು ನಮ್ಮ ಹಲಸೂರು ಕೆರೆ. 2016ರ ಮಾರ್ಚಿನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ದಡದಲ್ಲಿ ನಿಂತು ನೋಡಿದವರಲ್ಲಿ ಯಾರೊಬ್ಬರೂ ಆ ಕೆರೆಯನ್ನು ಕೆಡಿಸಬೇಕೆಂದು ಹೊರಟವರಲ್ಲ. ನನ್ನೊಬ್ಬನ ಮನೆಯ ಕೊಳೆಯಿಂದ ಏನಾದೀತು ಎಂದುಕೊಂಡವರೇ ಎಲ್ಲರೂ. ಕುಮಾರ ಪರ್ವತದಲ್ಲಿ ಸಾಲು ನಿಂತವರೂ ಅಷ್ಟೇ, "ನಾನೊಬ್ಬ" ಎಂದುಕೊಂಡೇ ಬಂದಿದ್ದರು. ಯಾತ್ರಿಕರು ಮುಳುಗು ಹಾಕುವ ಕುಮಾರಧಾರೆ ಹುಟ್ಟುವುದು ಆ ಬೆಟ್ಟದಲ್ಲೇ. ಮೇಲೆ ಎಸೆದ ಬಾಟಲಿ ಒಂದಲ್ಲ ಒಂದು ಮಳೆಗೆ ಕೆಳಗಿಳಿಯಬೇಕು. ಇನ್ನು ಜನಸಂದಣಿಯ ಮಾತು ಬಂದರೆ, 2011ರ ಜನವರಿ 14ರಂದು ಶಬರಿಮಲೆಯ ಪುಲ್ಲುಮೇಡಿನಲ್ಲಿ ನೂರಕ್ಕೂ ಹೆಚ್ಚು ಅಯ್ಯಪ್ಪ ಭಕ್ತರು ಕಾಲ್ತುಳಿತದಲ್ಲಿ ಸತ್ತದ್ದನ್ನು ಮರೆಯಲಾಗದು. ಭಕ್ತಿ ಇದ್ದ ಮಾತ್ರಕ್ಕೆ ಇಕ್ಕಟ್ಟಾದ ದಾರಿ ಅಗಲವಾಗುವುದಿಲ್ಲ.

ಹಾಗೆಂದು ಈ ವ್ಯವಸ್ಥೆಯೇ ಪೂರ್ತಿ ನ್ಯಾಯ ಅಂತ ನಾನು ಒಪ್ಪುವುದಿಲ್ಲ. ಬೆರಳು ಚುರುಕಾಗಿದ್ದವರಿಗೆ ಮೊದಲು ಬಾಗಿಲು ತೆರೆಯುತ್ತದೆ. ಮೊಬೈಲ್ ಒತ್ತಲು ಬಾರದ ಮುದುಕಿ ಎಲ್ಲಿಗೆ ಹೋಗಬೇಕು? ಇದು ಕೇಳಲೇಬೇಕಾದ ದೂರು, ಬಾಯಿಬಿಟ್ಟು ಕೇಳೋಣ. ಆದರೆ ದೂರಿದೆ ಎಂದು ಕತ್ತಲಲ್ಲಿ ನುಸುಳಿದರೆ, ಆ ಗೇಟಿನಲ್ಲಿ ಚಳಿಗೆ ನಡುಗುತ್ತಾ ಕೂತ ಕಾವಲುಗಾರನಿಗೆ ಮೋಸ ಮಾಡಿಯೇ ಹರಕೆಯ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ. ಅಂಥ ಹರಕೆಯನ್ನು ಸ್ವಾಮಿಗೆ ಯಾವ ಮುಖದಿಂದ ಒಪ್ಪಿಸುವುದು?

ಬೆಳಿಗ್ಗೆ ಇದನ್ನೆಲ್ಲ ಅಕ್ಕನಿಗೆ ಹೇಳೋಣವೆಂದು ಹೋದರೆ ಅವಳು ಕಾಫಿ ಸೋಸುತ್ತಾ ತಾನೇ ತೀರ್ಮಾನ ಹೇಳಿಬಿಟ್ಟಳು: "ನಾಲ್ಕು ಮಕ್ಕಳ ಹೆಸರು ಬರ್ಸೋ. ಆ ಕಾಲು ಉಳಿಸ್ಕೊಟ್ಟಿದ್ದಕ್ಕೆ ತಾನೇ ಹರಕೆ? ಆ ಕಾಲೇ ಹತ್ತಲಿ. ನಾನು ಕೆಳಗೇ ಇರ್ತೀನಿ, ಕುಕ್ಕೆಯಲ್ಲಿರೋನೂ ಅವನೇ ಅಲ್ವಾ."

ಹರಕೆಯನ್ನು ಹೀಗೆ ಮಗನ ಕಾಲಿಗೆ ಒಪ್ಪಿಸಬಹುದೇ ಎಂಬುದನ್ನು ಶಾಸ್ತ್ರ ತಿಳಿದವರು ಹೇಳಬೇಕು. ಅವಳ ಮುಖದಲ್ಲಿ ಬೇಸರ ಇರಲಿಲ್ಲ ಎಂದರೆ ತಪ್ಪಾದೀತು. ಎರಡು ವರ್ಷದಿಂದ ದಿನಾ ಸಂಜೆ ಬಡಾವಣೆಯ ಪಾರ್ಕಿನಲ್ಲಿ ಸುತ್ತು ಹಾಕಿ ಕಾಲು ಗಟ್ಟಿ ಮಾಡಿಕೊಂಡಿದ್ದವಳು ಅವಳು.

ಆ ದಿನ ನಾವಿಬ್ಬರೂ ಕುಮಾರಧಾರೆಯ ಸ್ನಾನಘಟ್ಟದಲ್ಲಿ ಕೂತೆವು. ಅಕ್ಕ ನೀರಿಗೆ ಕಾಲು ಬಿಟ್ಟುಕೊಂಡು ಆಗಾಗ ಬೆಟ್ಟದ ದಿಕ್ಕಿಗೆ ನೋಡುತ್ತಿದ್ದಳು. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿಗೂ ಮೇಲಾಗುವ ದಾರಿ. ಮಕ್ಕಳು ಬಂದಾಗ ಹೊತ್ತು ಮುಳುಗಿತ್ತು. ಅವಳ ಮಗ ಸ್ವಲ್ಪ ಕುಂಟುತ್ತಿದ್ದ, ಆದರೆ ನಗುತ್ತಿದ್ದ. ಬೆನ್ನಿನ ಚೀಲದಲ್ಲಿ ಯಾರೋ ದಾರಿಯಲ್ಲಿ ಬಿಟ್ಟು ಹೋಗಿದ್ದ ಮೂರು ಪ್ಲಾಸ್ಟಿಕ್ ಬಾಟಲಿ ಇದ್ದವು. ಅಕ್ಕ ಅವನ್ನು ಇಸಿದುಕೊಂಡು, ಅವನ ಮೊಣಕಾಲು ಒಮ್ಮೆ ಮುಟ್ಟಿ ನೋಡಿ, "ಕಾಲು ತೊಳ್ಕೊಂಡ್ ಬಾ, ಊಟದ ಸಾಲು ಶುರುವಾಗಿರುತ್ತೆ" ಅಂದಳು.