ಪಾಥೇಯವೂ ಪರಿಗ್ರಹವೂ

ಮನೆಯಲ್ಲಿ ನೆಲೆಯಾಗಿರುವಷ್ಟು ಕಾಲ ಮನುಷ್ಯನು ತನ್ನ ಸ್ವತ್ತಿನ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಾದುದಿಲ್ಲ; ಅಟ್ಟದ ಮೇಲೆ ಏನಿದೆ, ಕಪಾಟಿನ ಹಿಂದಿನ ಸಾಲಿನಲ್ಲಿ ಏನಿದೆ, ಅವುಗಳಲ್ಲಿ ಎಷ್ಟನ್ನು ಈ ವರ್ಷ ಮುಟ್ಟಿದ್ದುಂಟು ಎಂಬ ಪ್ರಶ್ನೆಗಳನ್ನು ಆತನು ಕೇಳಿಕೊಳ್ಳುವುದೂ ಇಲ್ಲ, ಬೇರೆಯವರು ಕೇಳಿದರೆ ಸಹಿಸುವುದೂ ಇಲ್ಲ. ಪ್ರಯಾಣದ ಹಿಂದಿನ ರಾತ್ರಿ ಮಾತ್ರ, ತೆರೆದ ಪೆಟ್ಟಿಗೆಯ ಮುಂದೆ ಕುಳಿತಾಗ, ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ‘ಇದು ಬೇಕೆ?’ ಎಂದು ವಿಚಾರಿಸುವ ಪ್ರಸಂಗ ಒದಗುತ್ತದೆ. ಸಂನ್ಯಾಸಿಯು ಜೀವಮಾನವೆಲ್ಲ ಕೇಳಿಕೊಳ್ಳುವ ಪ್ರಶ್ನೆಯನ್ನು ಗೃಹಸ್ಥನು ಈ ಒಂದು ರಾತ್ರಿ ಕೇಳಿಕೊಳ್ಳುವನು. ಅದೂ ಧರ್ಮಜಿಜ್ಞಾಸೆಯಿಂದಲ್ಲ, ಪೆಟ್ಟಿಗೆಯ ಮುಚ್ಚಳ ಕೂರಲೊಲ್ಲದೆಂಬ ಕಾರಣದಿಂದ. ಕಾರಣವೇನೇ ಇರಲಿ, ಪ್ರಶ್ನೆಯು ಅದೇ. ಆದುದರಿಂದ ದಾರಿ ನಡೆಯುವುದನ್ನೇ ಧರ್ಮವಾಗಿ ಕೈಕೊಂಡವರು ಅದಕ್ಕೆ ಏನು ಉತ್ತರ ಕೊಟ್ಟಿರುವರೆಂಬುದನ್ನು ನೋಡುವುದು ನಿಷ್ಫಲವಾಗದು.

ಹಗುರವಾಗಿ ಸಂಚರಿಸುವವರ ಮಾತು ಬಂದಾಗ ಕನ್ನಡ ನಾಡಿನವರಿಗೆ ಮೊದಲು ನೆನಪಾಗಬೇಕಾದವರು ದಿಗಂಬರ ಜೈನ ಮುನಿಗಳು. ಮಳೆಗಾಲದ ಚಾತುರ್ಮಾಸವನ್ನು ಒಂದೆಡೆ ಕಳೆದು ಉಳಿದ ಕಾಲವೆಲ್ಲ ಬರಿಗಾಲಿನಲ್ಲಿ ವಿಹಾರ ಮಾಡುವ ಇವರ ಸಾಮಾನೆಲ್ಲ ಒಂದು ಪಿಂಛಿ, ಒಂದು ಕಮಂಡಲು, ಓದಲೊಂದು ಶಾಸ್ತ್ರಗ್ರಂಥ. ನವಿಲು ತಾನಾಗಿ ಉದುರಿಸಿದ ಗರಿಗಳನ್ನು ಕಟ್ಟಿದ ಪಿಂಛಿಯು ಕೂರುವ ನೆಲದ ಮೇಲಿನ ಕ್ರಿಮಿಕೀಟಗಳನ್ನು ನೋಯಿಸದೆ ಸರಿಸುವುದಕ್ಕೆ. ಕಮಂಡಲುವಿನಲ್ಲಿರುವ ಕಾಯಿಸಿದ ನೀರು ಶೌಚಕ್ಕೇ ಹೊರತು ದಾರಿಯ ದಾಹಕ್ಕಲ್ಲ. ಸಂಯಮಕ್ಕೊಂದು, ಶೌಚಕ್ಕೊಂದು, ಜ್ಞಾನಕ್ಕೊಂದು ಎಂದು ಶಾಸ್ತ್ರವು ಈ ಮೂರನ್ನು ಉಪಕರಣಗಳೆಂದು ಕರೆದು ಪರಿಗ್ರಹದ ಲೆಕ್ಕದಿಂದ ಹೊರಗಿಟ್ಟಿದೆ. ಈ ಮೂರರಲ್ಲಿ ಒಂದಾದರೂ ಹೊತ್ತವನ ಸುಖಕ್ಕಾಗಿ ಇರುವುದಲ್ಲವೆಂಬುದು ಗಮನಾರ್ಹ. ಪಿಂಛಿಯಂತೂ ಇರುವೆಯ ಕ್ಷೇಮಕ್ಕಾಗಿ ಮುನಿಯು ಹೊರುವ ಹೊರೆ.

ಮೈಮೇಲಿನ ಬಟ್ಟೆಯೂ ಸಾಮಾನಿನಲ್ಲಿ ಸೇರಿತೆ ಎಂಬ ವಿಷಯದಲ್ಲಿ ಜೈನರೊಳಗೇ ನಡೆದ ಶತಮಾನಗಳ ವಾದವನ್ನು ಕೆಲವರು ಬರಿಯ ಮತೀಯ ಕಲಹವೆಂದು ತಳ್ಳಿಹಾಕುವುದುಂಟು; ನನಗಾದರೋ ಪ್ರಯಾಣವಿಚಾರವಾಗಿ ಅಷ್ಟು ಸೂಕ್ಷ್ಮವಾದ ಚರ್ಚೆ ಇನ್ನೊಂದು ನಡೆದಂತೆ ತೋರುವುದಿಲ್ಲ. ಒಂದು ವಸ್ತ್ರವನ್ನು ಇಟ್ಟುಕೊಂಡರೆ ಅದನ್ನು ಒಗೆಯಬೇಕು, ಒಗೆಯುವಾಗ ಜಲಜಂತುಗಳಿಗೆ ಹಿಂಸೆಯಾಗುವುದು. ಹರಿದರೆ ಹೊಲಿಯಬೇಕು, ಅದಕ್ಕೆ ಸೂಜಿದಾರ ಬೇಕು. ಕಳವಾದರೆ ಮನಸ್ಸು ಕಲಕುವುದು, ಇನ್ನೊಂದಕ್ಕಾಗಿ ಯಾರನ್ನಾದರೂ ಯಾಚಿಸಬೇಕಾಗುವುದು. ಹೀಗೆ ಒಂದು ವಸ್ತುವು ತನ್ನ ಹಿಂದೆ ಒಂದು ಪರಿವಾರವನ್ನೇ ಕರೆತರುವುದೆಂದು ದಿಗಂಬರರ ವಾದ. ಎರಡು ದಿನದ ಪ್ರಯಾಣಕ್ಕೆ ಒಂದು ಜೊತೆ ಪಾದರಕ್ಷೆಯನ್ನು ಹೆಚ್ಚಾಗಿ ತೆಗೆದುಕೊಂಡು, ಅದಕ್ಕೊಂದು ಚೀಲವನ್ನೂ, ಆ ಚೀಲ ಹಿಡಿಸಲೆಂದು ಇನ್ನೂ ದೊಡ್ಡ ಪೆಟ್ಟಿಗೆಯನ್ನೂ ಹುಡುಕಿದವರಿಗೆ ಈ ತರ್ಕದ ಬಲವನ್ನು ಬೇರೆಯಾಗಿ ತಿಳಿಸಬೇಕಾದುದಿಲ್ಲ. ಶ್ವೇತಾಂಬರರಾದರೋ, ಪಿಂಛಿಯು ಉಪಕರಣವಾಗಬಹುದಾದರೆ ವಸ್ತ್ರವೇಕೆ ಆಗಬಾರದೆಂದು ಕೇಳಿದರು. ಈ ಎರಡರ ನಡುವೆ ನಿಂತವರು ಯಾಪನೀಯರು. ಕದಂಬ ಮೃಗೇಶವರ್ಮನ ಹಲಸಿಯ ತಾಮ್ರಶಾಸನದಲ್ಲಿ ಉಲ್ಲೇಖಗೊಂಡಿರುವ, ಕರ್ನಾಟಕದಲ್ಲಿಯೇ ಬಹುವಾಗಿ ಬೆಳೆದು ಮುಂದೆ ಇಲ್ಲವಾದ ಈ ಸಂಘದ ಮುನಿಗಳು ತಾವು ನಗ್ನರಾಗಿಯೇ ನಡೆಯುತ್ತಿದ್ದರೂ, ವಸ್ತ್ರ ಧರಿಸಿದವರಿಗೂ ಸ್ತ್ರೀಯರಿಗೂ ಮುಕ್ತಿಯುಂಟೆಂದು ಒಪ್ಪಿದ್ದರು. ತನ್ನ ಗಂಟನ್ನು ಕಿರಿದುಮಾಡಿಕೊಂಡು ಇತರರ ಗಂಟಿನ ಮೇಲೆ ತೀರ್ಪು ಕೊಡದಿರುವ ಈ ಸೌಜನ್ಯವು, ಹಗುರ ಪ್ರಯಾಣದ ಹಿರಿಮೆಯನ್ನು ಎದುರಿಗೆ ಕುಳಿತವರಿಗೆಲ್ಲ ಉಪದೇಶಿಸುವ ಈ ಕಾಲದ ಪ್ರಯಾಣಿಕರಲ್ಲಿ ಅಪರೂಪ.

ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ವಸ್ತುವಿನ ವಿಷಯವಾಗಿ ಮನಸ್ಸಿಗೆ ಕವಿಯುವ ಮೂರ್ಛೆಯಲ್ಲಿ ಎಂಬುದು ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಅಭಿಪ್ರಾಯ. ಗಂಭೀರವಾದ ಈ ಮಾತು ಗೃಹಸ್ಥರ ಕೈಗೆ ಸಿಕ್ಕಿದೊಡನೆ ಸುಲಭದ ಆಶ್ರಯವಾಗಿಬಿಡುವುದು: ಮನಸ್ಸು ನಿರ್ಲಿಪ್ತವಾಗಿರುವ ಪಕ್ಷದಲ್ಲಿ ಪೆಟ್ಟಿಗೆ ಎರಡಾದರೇನು, ಆರಾದರೇನು? ಇಂತಹ ನಿರ್ಲಿಪ್ತತೆಯಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ವಿನಯವೆಂಬ ಬೌದ್ಧಸಂಘದ ನಿಯಮಾವಳಿಯು ಈ ವಿಷಯದಲ್ಲಿ ಹೆಚ್ಚು ಎಚ್ಚರಿಕೆಯಿಂದ ನಡೆದುಕೊಂಡಿದೆ. ಮೂರು ಚೀವರ, ಭಿಕ್ಷಾಪಾತ್ರೆ, ಸೊಂಟಪಟ್ಟಿ, ಕ್ಷೌರದ ಕತ್ತಿ, ಸೂಜಿ, ನೀರು ಸೋಸುವ ಬಟ್ಟೆ ಎಂದು ಭಿಕ್ಷುವಿಗೆ ಎಂಟು ಪರಿಷ್ಕಾರಗಳನ್ನು ಸಂಪ್ರದಾಯವು ಎಣಿಸಿಕೊಟ್ಟಿದೆ. ಹೆಚ್ಚಿನ ಚೀವರವೋ ಪಾತ್ರೆಯೋ ದೊರೆತಲ್ಲಿ ವಿನಯವು ಆತನ ಮನಸ್ಸನ್ನು ಪರೀಕ್ಷಿಸಲು ಹೋಗದೆ, ದಿನಗಳನ್ನು ಎಣಿಸುತ್ತದೆ: 10 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗದು. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಎಂಬ ಔಷಧದ್ರವ್ಯಗಳಿಗೆ 7 ದಿನದ ಗಡುವು. ಆ ಹತ್ತು ದಿನದ ಅವಧಿಯು ಹುಟ್ಟಿದ ಕಥೆಯೂ ಸ್ವಾರಸ್ಯವಾದುದು. ಬುದ್ಧನ ಶಿಷ್ಯನಾದ ಆನಂದನಿಗೆ ಒಂದು ಹೆಚ್ಚಿನ ಚೀವರ ದೊರೆಯಿತು. ಅದನ್ನು ಸಾರಿಪುತ್ರನಿಗೆ ಕೊಡಬೇಕೆಂದು ಆತನ ಆಸೆ. ಸಾರಿಪುತ್ರನು ದೂರದ ಸಾಕೇತದಲ್ಲಿದ್ದನು. ಆತನು ಬರಲು ಇನ್ನೆಷ್ಟು ದಿನವೆಂದು ಬುದ್ಧನು ಕೇಳಿದಾಗ, ಒಂಬತ್ತೋ ಹತ್ತೋ ಎಂದು ಉತ್ತರ ಬಂದಿತು; ಹಾಗಾದರೆ ಹತ್ತು ದಿನ ಇಟ್ಟುಕೊಳ್ಳಬಹುದೆಂದು ನಿಯಮವಾಯಿತು. ಹೆಚ್ಚಿನ ವಸ್ತುವನ್ನು ಇಟ್ಟುಕೊಳ್ಳಲು ಅನುಮತಿ ದೊರೆತುದು ಇನ್ನೊಬ್ಬನಿಗೆ ಕೊಡುವುದಕ್ಕಾಗಿ, ಅದೂ ಆ ಇನ್ನೊಬ್ಬನು ಬಂದು ಸೇರುವವರೆಗೆ ಮಾತ್ರ.

ಇಷ್ಟಾದರೂ ಒಂದು ಸಂಶಯ ಉಳಿಯುತ್ತದೆ. ಮುನಿಯ ಕೈ ಬರಿದಾಗಿರುವುದು ನಿಜ. ಆದರೆ ಆತನ ಅಡುಗೆಮನೆಯನ್ನು ಹೊತ್ತವರು ಯಾರು? ಮುನಿಸಂಘವು ಊರಿಗೆ ಬರುವ ವಾರ್ತೆ ತಿಳಿದೊಡನೆ ಶ್ರಾವಕರ ಮನೆಗಳಲ್ಲಿ ನೀರು ಸೋಸುವರು, ಕಾಯಿಸುವರು, ಶುಚಿಯಿಂದ ಅಡುಗೆ ಮಾಡುವರು, ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಕಲಶ ಹಿಡಿದು ದಂಪತಿಗಳು ನಿಲ್ಲುವರು. ಮುನಿಯು ಯಾವ ಬಾಗಿಲಿನ ಮುಂದೆ ನಿಲ್ಲುವನೋ ಆ ಮನೆಯವರ ಭಾಗ್ಯ. ಆತನು ದಿನಕ್ಕೊಮ್ಮೆ, ನಿಂತೇ, ಅಂಗೈಯನ್ನೇ ಪಾತ್ರೆಯಾಗಿ ಮಾಡಿಕೊಂಡು ಆಹಾರ ಸ್ವೀಕರಿಸಿ ಹೊರಡುವನು. ಒಬ್ಬನ ಹಗುರವು ಇಡೀ ಊರಿನ ಭಾರದ ಮೇಲೆ ನಿಂತಿದೆಯೆಂದು ಇದನ್ನು ಆಕ್ಷೇಪಿಸುವವರಿಗೆ ಧರ್ಮವು ಮೊದಲೇ ಉತ್ತರ ಯೋಚಿಸಿಟ್ಟಿದೆ. ಬಾಯಿತೆರೆದು ಬೇಡಕೂಡದು, ತನ್ನೊಬ್ಬನಿಗಾಗಿಯೇ ಮಾಡಿದುದನ್ನು ಸ್ವೀಕರಿಸಕೂಡದು, ಹೂವನ್ನು ಬಾಡಿಸದೆ ಮಧುವನ್ನು ಕೊಳ್ಳುವ ದುಂಬಿಯಂತೆ ಯಾವ ಮನೆಗೂ ಹೊರೆಯಾಗಕೂಡದು. ನಿಯಮಗಳು ಆಚರಣೆಯಲ್ಲಿ ಎಷ್ಟು ಉಳಿದಿವೆಯೆಂಬುದು ಬೇರೆ ಮಾತು. ಬರಿಗೈಯಲ್ಲಿ ಹೊರಟವನು ಪರರ ಮೇಲೆ ಒರಗುವನೆಂಬುದನ್ನು ಬಲ್ಲವರೇ ಅವುಗಳನ್ನು ಮಾಡಿದರೆಂಬುದರಲ್ಲಿ ಸಂದೇಹವಿಲ್ಲ.

ಈ ಅರಿವಿಲ್ಲದೆ ಹಗುರವಾಗಿ ಹೊರಟವರೂ ಉಂಟು. ಹಜ್ಜಿಗೆ ಯೆಮನ್ ದೇಶದಿಂದ ಹೊರಡುತ್ತಿದ್ದ ಕೆಲವರು, ತಾವು ದೇವರನ್ನೇ ನಂಬಿದವರೆಂದು ಹೇಳಿಕೊಂಡು ಬುತ್ತಿಯಿಲ್ಲದೆ ಬಂದು, ಮೆಕ್ಕೆಯನ್ನು ಸೇರಿದ ಮೇಲೆ ಜನರ ಮುಂದೆ ಕೈಚಾಚುತ್ತಿದ್ದರಂತೆ. ಪಾಥೇಯವನ್ನು ತೆಗೆದುಕೊಂಡೇ ಹೊರಡಬೇಕೆಂದೂ, ಪಾಥೇಯಗಳಲ್ಲಿ ಶ್ರೇಷ್ಠವಾದುದು ಧರ್ಮಭೀರುತೆಯೆಂದೂ ಕುರಾನಿನಲ್ಲಿ ಬಂದಿರುವ ಆದೇಶಕ್ಕೆ ಇದೇ ಸಂದರ್ಭವೆಂದು ವ್ಯಾಖ್ಯಾನಕಾರರು ಹೇಳುವರು. ದೇವರ ಮೇಲಿನ ಭರವಸೆಯು ನೆರೆಯವನ ಅನ್ನದ ಮೇಲಿನ ಭರವಸೆಯಾಗಿ ಇಳಿದುಬಿಡುವ ಈ ಜಾರುಬಂಡೆಯನ್ನು ಲೂಕನ ಸುವಾರ್ತೆಯೂ ಬಲ್ಲದು: ಶಿಷ್ಯರನ್ನು ಚೀಲವೂ ರೊಟ್ಟಿಯೂ ಹಣವೂ ಇಲ್ಲದೆ ಊರೂರಿಗೆ ಕಳುಹಿದ ಯೇಸುವೇ, ಕೊನೆಯ ರಾತ್ರಿ, ಜನರು ಪ್ರತಿಕೂಲರಾಗಿರುವ ಹೊತ್ತಿನಲ್ಲಿ, ಚೀಲವಿದ್ದವನು ಈಗ ಅದನ್ನು ತೆಗೆದುಕೊಳ್ಳಲೆಂದು ಹೇಳಿದನು. ಬಾಗಿಲು ತೆರೆಯುವವರಿರುವ ನಾಡಿಗೆ ಒಂದು ನಿಯಮ, ಬಾಗಿಲು ಮುಚ್ಚಿದ ನಾಡಿಗೆ ಇನ್ನೊಂದು.

ನಮ್ಮ ಕಲ್ಯಾಣದ ಶರಣರಲ್ಲಿ ಈ ಲೆಕ್ಕವನ್ನು ಕರಾರುವಾಕ್ಕಾಗಿ ಇಟ್ಟವಳು ಆಯ್ದಕ್ಕಿ ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಗಂಡ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಮಿಕ್ಕುದನ್ನು ಮೊದಲಿದ್ದೆಡೆಗೆ ಸುರಿದು ಬರುವಂತೆ ಆಕೆ ಹಿಂದಕ್ಕೆ ಕಳುಹಿದಳೆಂಬ ಕಥೆಯನ್ನು ಕೇಳದ ಕನ್ನಡಿಗರು ವಿರಳ. ನಾಳೆಗೆ ಬೇಕಾದೀತೆಂಬ ಮಾತನ್ನು ಆಕೆ ಒಪ್ಪಲಿಲ್ಲ. ನಮ್ಮ ಪೆಟ್ಟಿಗೆಗಳನ್ನು ತುಂಬಿಸುವ ಮಾತು ಇದೇ ಅಲ್ಲವೆ? ಮಳೆ ಬಂದರೆ ಬೇಕಾದೀತು, ಚಳಿಯಾದರೆ ಬೇಕಾದೀತು, ಯಾರಾದರೂ ದೊಡ್ಡವರು ಊಟಕ್ಕೆ ಕರೆದರೆ ಬೇಕಾದೀತು. ಪೆಟ್ಟಿಗೆಯ ಅರ್ಧಭಾಗವನ್ನು ಒದಗಲಾರದ ಸಂದರ್ಭಗಳ ಭಯವೇ ಆಕ್ರಮಿಸಿಕೊಳ್ಳುವುದು.

ಹೊರೆಯೆಲ್ಲವೂ ಭಯದಿಂದ ಹುಟ್ಟಿದುದಲ್ಲ. ಸೇತುವಿನ ಮರಳನ್ನು ಪ್ರಯಾಗದವರೆಗೆ ಹೊತ್ತು ಅಲ್ಲಿಯ ನೀರಿನಲ್ಲಿ ಬಿಟ್ಟು, ಅಲ್ಲಿಂದ ಗಂಗೆಯನ್ನು ತಂದು ರಾಮೇಶ್ವರದಲ್ಲಿ ಅಭಿಷೇಕ ಮಾಡಿಸುವ ಕಾಶೀಯಾತ್ರಿಕನು, ದೇಶದ ಉದ್ದಕ್ಕೂ ತನಗೆ ಯಾವ ಉಪಯೋಗಕ್ಕೂ ಬಾರದ ಭಾರವನ್ನೇ ಹೊರುವನು. (ಮದುವೆಯ ದಿನ ಕೊಡೆ ಕೋಲುಗಳನ್ನು ಹಿಡಿದು ಕಾಶಿಗೆ ಹೊರಡುವ ವರನ ಮಾತು ಬೇರೆ; ಪುರುಷನು ಜನ್ಮದಲ್ಲಿ ಅಷ್ಟು ಹಗುರವಾಗಿ ಹೊರಡುವುದು ಅದೊಂದೇ ಸಲ, ಮಾವನು ತಡೆಯುವನೆಂಬ ಭರವಸೆಯಿರುವುದರಿಂದ.) ಶಬರಿಮಲೆಗೆ ಹೋಗುವವರ ಇರುಮುಡಿಯಲ್ಲಿ ಈ ತತ್ತ್ವವು ಕಣ್ಣಿಗೆ ಕಾಣುವಂತಿದೆ. ತಲೆಯ ಮೇಲಿಡುವ ಆ ಗಂಟಿಗೆ ಎರಡು ಪಾಲು: ಮುಂದಿನದರಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಮೊದಲಾದ ದೇವರ ಸಾಮಗ್ರಿ, ಹಿಂದಿನದರಲ್ಲಿ ಯಾತ್ರಿಕನ ಬುತ್ತಿ. ಹಿಂದಿನದು ದಾರಿಯಲ್ಲಿ ಕರಗುತ್ತ ಹೋಗುವುದು. ಮುಂದಿನದು ಸನ್ನಿಧಿಯವರೆಗೆ ಉಳಿಯುವುದು. ಆ ಗಂಟಿಲ್ಲದವನಿಗೆ ಹದಿನೆಂಟು ಮೆಟ್ಟಿಲುಗಳನ್ನು ಹತ್ತುವ ಅಧಿಕಾರವಿಲ್ಲ. ಪೆಟ್ಟಿಗೆಯನ್ನು ತುಂಬುವಾಗ ‘ಎಷ್ಟು ಕಿಲೋ’ ಎಂದು ಕೇಳುವುದಕ್ಕಿಂತ ಮುಂದಿನ ಮುಡಿ ಯಾವುದು, ಹಿಂದಿನದು ಯಾವುದು ಎಂದು ಕೇಳುವುದು ಮೇಲೆಂದು ನನ್ನ ಎಣಿಕೆ.

ಕಿಲೋಗಳ ಲೆಕ್ಕವು ಎಷ್ಟು ದಾರಿತಪ್ಪಿಸುವುದೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ನಮ್ಮ ರೈಲಿನಲ್ಲಿ ಎರಡನೆಯ ದರ್ಜೆಯವನಿಗೆ 35 ಕಿಲೋ, ಹವಾನಿಯಂತ್ರಿತ ಮೊದಲ ದರ್ಜೆಯವನಿಗೆ 70 ಕಿಲೋ ಸಾಮಾನು ಉಚಿತ; ಹಣವಿದ್ದವನಿಗೆ ಅಗತ್ಯಗಳೂ ಹೆಚ್ಚೆಂದು ಇಲಾಖೆಯು ಭಾವಿಸಿದಂತಿದೆ. ವಿಮಾನದಲ್ಲಿ ಇದಕ್ಕೆ ವಿಪರೀತವಾದ ಒಂದು ವಿರಕ್ತಿ ಕಂಡುಬರುತ್ತದೆ: 7 ಕಿಲೋ ಮೀರದ ಒಂದೇ ಕೈಚೀಲದಲ್ಲಿ ದೇಶ ಸುತ್ತುವವರು. ಅವರ ಚೀಲದಲ್ಲಿ ಹಾಸಿಗೆಯಿಲ್ಲ, ಟವೆಲಿಲ್ಲ, ಬುತ್ತಿಯಿಲ್ಲ. ಏಕೆಂದರೆ ಹೋಟೆಲಿನಲ್ಲಿ ಅವೆಲ್ಲವೂ ಇವೆ, ಬಟ್ಟೆ ಒಗೆಯಲು ಆಳಿದೆ, ಇಲ್ಲದುದನ್ನು ಕೊಳ್ಳಲು ಕಿಸೆಯಲ್ಲಿ ಕಾರ್ಡಿದೆ. ತಿರುಗಣಿ ಚೊಂಬು, ಹೋಲ್ಡಾಲು, ಟ್ರಂಕು, ಅವಲಕ್ಕಿಯ ಡಬ್ಬಿಗಳೊಡನೆ ರೈಲು ಹತ್ತುತ್ತಿದ್ದ ನಮ್ಮ ಹಿರಿಯರನ್ನು ಲೋಭಿಗಳೆಂದು ನಗುವ ಮೊದಲು, ಅವರಿಗೆ ಕೊಳ್ಳುವ ಶಕ್ತಿಯಿರಲಿಲ್ಲವೆಂಬುದನ್ನೂ, ಇದ್ದವರಿಗೆ ಮಡಿಯು ಅಡ್ಡಬರುತ್ತಿತ್ತೆಂಬುದನ್ನೂ ನೆನೆಯಬೇಕು. ಹಣದ ಮೇಲೆ ಒರಗಿದ ಹಗುರಕ್ಕೆ ಅಪರಿಗ್ರಹವೆಂಬ ಹೆಸರು ಸಲ್ಲದು. ಅಲ್ಲಿ ಪರಿಗ್ರಹವು ಪೆಟ್ಟಿಗೆಯಿಂದ ಕಿಸೆಗೆ ಸ್ಥಳಾಂತರಗೊಂಡಿದೆ, ಅಷ್ಟೆ.

ಹಾಗೆಂದು ದೊಡ್ಡ ಪೆಟ್ಟಿಗೆಯ ಪಕ್ಷವನ್ನು ವಹಿಸಲೂ ಮನಸ್ಸೊಪ್ಪದು. 1972ರಲ್ಲಿ ಬರ್ನಾರ್ಡ್ ಸ್ಯಾಡೊ ಎಂಬಾತನಿಗೆ ಗಾಲಿಯಿರುವ ಪೆಟ್ಟಿಗೆಯ ಪೇಟೆಂಟು ಅಮೆರಿಕದಲ್ಲಿ ದೊರೆತುದು ಸಣ್ಣ ಘಟನೆಯೆನಿಸಿದರೂ, ಅದುವರೆಗೆ ಹೆಗಲು ಕೊಡುತ್ತಿದ್ದ ಬುದ್ಧಿವಾದವನ್ನು ಅದು ನಿಲ್ಲಿಸಿಬಿಟ್ಟಿತು. ಹೆಗಲಿಗೆ ಸುಳ್ಳು ತಿಳಿಯದು. ನುಣುಪಾದ ನೆಲದ ಮೇಲೆ ಉರುಳುವ ಪೆಟ್ಟಿಗೆಯಾದರೋ ತನ್ನ ತೂಕವನ್ನು ಮೆಟ್ಟಿಲು ಬರುವವರೆಗೆ ಮುಚ್ಚಿಟ್ಟುಕೊಂಡಿರುತ್ತದೆ, ಮೆಟ್ಟಿಲು ಬಂದಾಗ ಕೂಲಿಯವನ ತಲೆಯನ್ನು ಹುಡುಕುತ್ತದೆ. ತಾನೇ ಎತ್ತಿಕೊಂಡು ಒಂದು ಮಹಡಿ ಹತ್ತಬಲ್ಲಷ್ಟು ಸಾಮಾನು, ಅದಕ್ಕೆ ತಕ್ಕ ಮೆತ್ತನೆಯ ಬಟ್ಟೆಯ ಚೀಲ: ಆರೋಗ್ಯವಂತನಿಗೆ ಇದಕ್ಕಿಂತ ಉತ್ತಮವಾದ ಅಳತೆಯನ್ನು ನಾನು ಕಾಣೆ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ‘ರಾಜಪುತಾನ’ ಹಡಗಿನಲ್ಲಿ ಹೊರಟ ಗಾಂಧೀಜಿ, ಜೊತೆಯವರು ತಂದಿದ್ದ ಪೆಟ್ಟಿಗೆಗಳ ರಾಶಿಯನ್ನು ಕಂಡು ನೊಂದು, ಅನಾವಶ್ಯಕವಾದವನ್ನು ಏಡನ್ನಿನಿಂದಲೇ ಹಿಂದಕ್ಕೆ ಕಳುಹಿಸಿಬಿಟ್ಟರು. ಬಡವರ ಪ್ರತಿನಿಧಿಯ ಗಂಟು ಬಡವರ ಗಂಟಿನಂತೆಯೇ ಇರಬೇಕೆಂಬುದು ಅಲ್ಲಿಯ ನ್ಯಾಯ.

ಇನ್ನು, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ನಮ್ಮ ತಾಯಂದಿರ ಎರಡೆರಡು ಪೆಟ್ಟಿಗೆಗಳನ್ನು ಯಾವ ಲೆಕ್ಕದಲ್ಲಿ ಸೇರಿಸಬೇಕು? ಒಂದೊಂದಕ್ಕೆ 23 ಕಿಲೋ ಮಿತಿ. ಒಳಗೆ ಸಾರಿನಪುಡಿ, ಚಟ್ನಿಪುಡಿ, ಮಾವಿನ ಮಿಡಿಯ ಉಪ್ಪಿನಕಾಯಿ, ಹಪ್ಪಳ, ಮೊಮ್ಮಗುವಿಗೆ ಜರಿಯ ಲಂಗ. ತೂಕ ಹೆಚ್ಚಾಯಿತೆಂದು ವಿಮಾನನಿಲ್ದಾಣದಲ್ಲಿ ಪೆಟ್ಟಿಗೆಯನ್ನು ತೆಗೆಸಿದಾಗ ಆಕೆ ಹೊರಗೆಳೆಯುವುದು ತನ್ನ ಸೀರೆಯನ್ನೇ ಹೊರತು ಪುಡಿಯ ಪೊಟ್ಟಣವನ್ನಲ್ಲ. ಆ ಪುಡಿಯು ಮಗನ ಊರಿನ ಅಂಗಡಿಯಲ್ಲಿಯೂ ದೊರೆಯುವುದೆಂದು ಆಕೆಗೆ ತಿಳಿಯದೆ ಇಲ್ಲ. ಮಗನು ಅದನ್ನು ಬೇಡವೆಂದು ಫೋನಿನಲ್ಲಿ ಹೇಳಿರುವುದೂ ಉಂಟು. ಉಮಾಸ್ವಾತಿಯ ಲಕ್ಷಣವನ್ನು ಬಿಗಿಯಾಗಿ ಹಿಡಿದವರು ಇದನ್ನು ಮೂರ್ಛೆಯೆಂದೇ ಕರೆಯುವರು, ಅವರ ಮಾತನ್ನು ಸುಳ್ಳೆನ್ನಲಾಗದು. ನಾನು ಮಾತ್ರ ಅಷ್ಟು ದೂರ ಹೋಗಲಾರೆ. ಸಾಕೇತದಿಂದ ಸಾರಿಪುತ್ರನು ಬರುವವರೆಗೆ ಆನಂದನಿಗೆ ದೊರೆತ ಅವಧಿಯು, ಎರಡು ವಿಮಾನಗಳನ್ನು ಬದಲಾಯಿಸಿ ಇಳಿಯುವವರೆಗೆ ಈಕೆಗೂ ಸಲ್ಲಬೇಕು.