ನೆರೆಮನೆಗೆ ವೈಫೈ: ದಾಸೋಹದ ಒಂದು ಜಿಜ್ಞಾಸೆ

ಕೃಷ್ಣಾತೀರದ ಕೊಲ್ಹಾರವು ಮೊಸರಿಗೆ ಹೆಸರಾದ ಊರು. ಗಡಿಗೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಎಂಬುದು ಆ ಮೊಸರಿನ ಖ್ಯಾತಿ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿ, ಜನರು ಹೊಸ ನೆಲೆಗೆ ಬಂದರೂ ಆ ಕಾಯಕವು ಅಳಿಯಲಿಲ್ಲ. ಅಂಥ ಊರಿನಲ್ಲಿ ನೆರೆಯವಳು ಬಟ್ಟಲು ಹಿಡಿದು “ಯಕ್ಕಾ, ಹೆಪ್ಪಿಗೆ ತುಸು ಮೊಸರು ಕೊಡ್ರಿ” ಎಂದರೆ ಇಲ್ಲವೆನ್ನಲು ಯಾವ ಗೃಹಿಣಿಗೂ ನಾಲಿಗೆ ಬಾರದು. ಕೊಟ್ಟವಳ ಗಡಿಗೆ ಬರಿದಾಗುವುದಿಲ್ಲ. ಪಡೆದವಳ ಹಾಲು ಬೆಳಗಾಗುವಷ್ಟರಲ್ಲಿ ಮೊಸರಾಗಿರುತ್ತದೆ.

ಇಂದು ಅದೇ ಹೊಸ್ತಿಲಲ್ಲಿ ಬೇರೊಂದು ಬೇಡಿಕೆ ಕೇಳಿಬರುತ್ತಿದೆ: “ಕಾಕಾ, ನಿಮ್ಮ ವೈಫೈ ಪಾಸ್‌ವರ್ಡ್ ಹೇಳ್ರಿ, ಅರ್ಜಿ ತುಂಬೋದೈತಿ.” ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದವು, ಪಾಠಗಳು ಮೊಬೈಲಿನೊಳಗೆ ಹೊಕ್ಕವು. ಎಲ್ಲ ಮಕ್ಕಳಿಗೂ ಆ ಸಾಧನವಿಲ್ಲದ್ದರಿಂದ ರಾಜ್ಯ ಸರಕಾರವು ಅದೇ ವರ್ಷ ‘ವಿದ್ಯಾಗಮ’ ಯೋಜನೆಯ ಮೂಲಕ ಶಿಕ್ಷಕರನ್ನೇ ಓಣಿಗಳಿಗೂ ಮರದ ನೆರಳಿಗೂ ಕಳುಹಬೇಕಾಯಿತು. ಮಾರಿ ಹೋಯಿತು, ಅಗತ್ಯ ಹೋಗಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಉದ್ಯೋಗದ ಪ್ರಕಟಣೆ, ಎಲ್ಲವೂ ಅಂತರ್ಜಾಲದ ದಾರಿಯಿಂದಲೇ ಬರುವಾಗ, ಗೋಡೆಯಾಚೆಯ ಬಡಮನೆಯ ಬಾಲಕಿಯೊಬ್ಬಳು ಒಂದು ಗುಪ್ತಪದದ ಕೊರತೆಯಿಂದ ಹಿಂದುಳಿಯುವುದನ್ನು ಭಕ್ತನಾದವನು ನೋಡುತ್ತ ಕುಳಿತಿರಬಹುದೇ?

ಕುಳಿತಿರಬಾರದು. ಆದರೆ ಹೇಗೆ ಕೊಡಬೇಕೆಂಬುದು ವಿಚಾರಣೀಯವಾಗಿದೆ. ವೈಫೈಯೂ ಹೆಪ್ಪಿನಂತೆ, ಕೊಟ್ಟರೆ ಕಡಿಮೆಯಾಗದು ಎಂದು ಕೆಲವರು ವಾದಿಸುವರು. ಈ ಮಾತು ಅರ್ಧಸತ್ಯ. ರೌಟರಿನಿಂದ ಹೊರಡುವ ಅಲೆಗಳಿಗೆ ಗೋಡೆಯ ಮೇರೆ ತಿಳಿಯದು. ೨.೪ ಗಿಗಾಹರ್ಟ್ಸಿನ ಅಲೆ ಗೋಡೆಯನ್ನು ತೂರಿ ದೂರ ಸಾಗುತ್ತದೆ; ೫ ಗಿಗಾಹರ್ಟ್ಸಿನದು ವೇಗಶಾಲಿಯಾದರೂ ಗೋಡೆಗೆ ಬೇಗ ಸೋಲುತ್ತದೆ. ಅಲೆಯು ನೆರೆಮನೆಯನ್ನು ಮುಟ್ಟಿದ ಮಾತ್ರಕ್ಕೆ ಯಾರಿಗೂ ನಷ್ಟವಿಲ್ಲ, ದಿಟ. ಆದರೆ ಮನೆಗೆ ಬರುವ ತಂತಿಯ ಸಾಮರ್ಥ್ಯಕ್ಕೆ ಮಿತಿಯುಂಟು. ಒಂದು ಮನೆಯಲ್ಲಿ ಮೂವರು ಚಲಚ್ಚಿತ್ರ ನೋಡತೊಡಗಿದರೆ ಇನ್ನೊಂದು ಮನೆಯ ಪಾಠವು ತಡವರಿಸುತ್ತದೆ. ಆದುದರಿಂದ ಇದಕ್ಕೆ ಹೆಪ್ಪಿಗಿಂತ ಕಾಲುವೆಯ ನೀರೇ ಸರಿಯಾದ ಉಪಮಾನ. ತಲೆಭಾಗದ ಹೊಲದವನು ತೂಬು ಮುಚ್ಚದಿದ್ದರೆ ತುದಿಯ ಹೊಲ ಒಣಗುವುದೆಂಬುದನ್ನು ಈ ಸೀಮೆಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಕೊಡುವವನ ಔದಾರ್ಯದಷ್ಟೇ ಪಡೆಯುವವನ ಹಿತಮಿತವೂ ಇಲ್ಲಿ ಬೇಕು.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಇನ್ನೊಂದಿದೆ: ಕೊಡುವ ವಸ್ತು ಕೊಡುವವನದೇ ಆಗಿದೆಯೇ? ಆಯ್ದಕ್ಕಿ ಮಾರಯ್ಯನ ವೃತ್ತಾಂತವನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ತಿಳಿದೀತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮನು ಅದನ್ನು ಒಲೆಗೆ ಏರಿಸಲಿಲ್ಲ. ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿದಳು. ಉದ್ದೇಶವು ದಾಸೋಹವೇ ಆಗಿದ್ದರೂ ಪದಾರ್ಥವು ಶುದ್ಧವಾಗಿರಬೇಕೆಂಬುದು ಆಕೆಯ ನಿಲುವು. ಅಂತರ್ಜಾಲ ಕೊಡುವ ಕಂಪನಿಗಳ ಕರಾರುಗಳಲ್ಲಿ ಸಂಪರ್ಕವು ಒಂದೇ ಮನೆಯ ಬಳಕೆಗೆಂದು ಬರೆದಿರುವುದು ಸಾಮಾನ್ಯ. ಕರಾರನ್ನು ಓದದೆ ರುಜು ಮಾಡುವುದು ಲೋಕರೂಢಿ. ಆದರೂ ರುಜು ರುಜುವೇ. ಮನೆಗೆ ಬಂದ ಅತಿಥಿಗೂ ಅರ್ಜಿ ತುಂಬಲು ಬಂದ ಬಾಲಕಿಗೂ ಸಂಪರ್ಕ ಕೊಡುವುದು ಆತಿಥ್ಯವೇ ಹೊರತು ವಂಚನೆಯಲ್ಲ. ಎರಡು ಸಂಸಾರಗಳು ಒಂದೇ ಶುಲ್ಕದಲ್ಲಿ ವರ್ಷಗಟ್ಟಲೆ ಸಾಗುವುದು, ಅದರಲ್ಲಿಯೂ ನೆರೆಯವರಿಂದ ತಿಂಗಳ ಹಣ ವಸೂಲು ಮಾಡುವುದು ಬೇರೆ ಮಾತು, ಅದು ವ್ಯಾಪಾರ. ಅಂಥವನು ಕಂಪನಿಯ ಒಪ್ಪಿಗೆ ಕೇಳಲಿ. ವ್ಯಾಪಾರವನ್ನೇ ಮಾಡುವುದಾದರೆ ಧರ್ಮಸಮ್ಮತ ಮಾರ್ಗವೂ ತೆರೆದಿದೆ: ೨೦೨೦ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಪಿಎಂ-ವಾಣಿ ಯೋಜನೆಯ ಮೇರೆಗೆ ಕಿರಾಣಿ ಅಂಗಡಿಯವನೂ ಲೈಸೆನ್ಸಿನ ಹಂಗಿಲ್ಲದೆ ಸಾರ್ವಜನಿಕರಿಗೆ ವೈಫೈ ಒದಗಿಸಬಹುದು.

ಬಾಗಿಲನ್ನೇ ಕಿತ್ತೆಸೆದು ಕೂಡುವುದನ್ನು ದಾಸೋಹವೆನ್ನಲಾಗದು. ೨೦೦೮ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದಾಗ, ಹೊಣೆ ಹೊತ್ತು ಬಂದ ಮಿಂಚಂಚೆಯ ಜಾಡು ನವೀ ಮುಂಬಯಿಯ ಒಂದು ಮನೆಗೆ ಮುಟ್ಟಿತು. ಭದ್ರಪಡಿಸದ ಅಲ್ಲಿಯ ವೈಫೈಯನ್ನು ದುಷ್ಟರು ಬಳಸಿದ್ದರು. ವಿಚಾರಣೆಯನ್ನು ಎದುರಿಸಬೇಕಾದವನು ಮನೆಯವನು. ಮರುವರ್ಷ ದೂರಸಂಪರ್ಕ ಇಲಾಖೆಯು ವೈಫೈ ಭದ್ರತೆಗೆ ಸೂಚನೆಗಳನ್ನು ಹೊರಡಿಸಿತು. ಪರರು ಮಾಡಿದ ಕೃತ್ಯದ ಜಾಡು ಮೊದಲು ಸಂಪರ್ಕದ ಒಡೆಯನ ಮನೆಗೇ ಬರುವುದರಿಂದ, ಬಲ್ಲವರಿಗೆ ಮಾತ್ರ ಕೊಡಬೇಕು. ಗುಪ್ತಪದವು ಓಣಿಯಲ್ಲೆಲ್ಲ ಹರಿದಾಡಬಾರದು. ಅನೇಕ ರೌಟರುಗಳಲ್ಲಿ ಅತಿಥಿಗಳಿಗೆಂದೇ ಪ್ರತ್ಯೇಕ ಜಾಲವನ್ನು ತೆರೆಯುವ ಸೌಕರ್ಯವಿದೆ. ಅದಕ್ಕೆ ಬೇರೆ ಹೆಸರು, ಬೇರೆ ಗುಪ್ತಪದ ಇಟ್ಟರೆ ಮನೆಯ ಸ್ವಂತ ಕಡತಗಳು ನೆರೆಯವರ ಕಣ್ಣಿಗೆ ಬೀಳವು.

ಇಷ್ಟನ್ನು ಮಾಡಿಯೂ, “ನನ್ನ ವೈಫೈಯಿಂದಲೇ ಅವಳು ಪಾಸಾದಳು” ಎಂದು ಕಟ್ಟೆಯ ಮೇಲೆ ಕುಳಿತು ಸಾರುವವರುಂಟು. ‘ದಾಸಃ ಅಹಂ’ ಎಂಬ ಪದಚ್ಛೇದವನ್ನು ಅಂಥವರಿಗೆ ಯಾರಾದರೂ ನೆನಪಿಸಬೇಕು. ಪರೀಕ್ಷೆ ಮುಗಿದ ಮೇಲೆ ಮನೆಯವನು ಅತಿಥಿಜಾಲದ ಗುಪ್ತಪದವನ್ನು ಬದಲಿಸಿದರೆ ನೆರೆಯವರೂ ಅದನ್ನು ಅವಮಾನವೆಂದು ಎಣಿಸಬೇಕಾಗಿಲ್ಲ. ಮುಂದಿನ ಅರ್ಜಿಯ ಹೊತ್ತಿಗೆ ಮತ್ತೆ ಕೇಳಿದರಾಯಿತು.